ಒಳಗೆ ಕೇಳಿ ಹೇಳುತ್ತೇನೆ

ಹೂಂ ಎನ್ನುವುದಕ್ಕೆ ಖರ್ಚಿಲ್ಲ. ಬಾಯಿ ತೆರೆಯಬೇಕಾಗಿಲ್ಲ, ತಲೆ ಎತ್ತಬೇಕಾಗಿಲ್ಲ, ಎದುರಿಗೆ ನಿಂತವರು ಯಾರೆಂದು ನೋಡಬೇಕಾಗಿಯೂ ಇಲ್ಲ. ಲೋಕದ ಅರ್ಧಕ್ಕರ್ಧ ಸಂಸಾರಗಳು ಈ ಒಂದು ಉಸಿರಿನ ಮೇಲೆಯೇ ನಿಂತಿವೆ ಎಂದರೆ ನೀವು ನಗಬಹುದು. ನಗಿ, ಬೇಡ ಅಂದವರು ಯಾರು? ಆದರೆ ನಿನ್ನೆ ಸಂಜೆ ನಿಮ್ಮ ಮನೆಯಲ್ಲಿ ಯಾವ ಮಾತಿಗೆ ಹೂಂ ಅಂದಿರಿ ಎಂದು ಮೊದಲು ನೆನಪು ಮಾಡಿಕೊಂಡು ಆಮೇಲೆ ನಗಿ.

ನಮ್ಮ ಡಾಕ್ಟರಿಗೆ ನೆನಪಾಗಲಿಲ್ಲ. ಡಾಕ್ಟರ್ ಎಂದರೆ ನಾಡಿ ಹಿಡಿಯುವ ಡಾಕ್ಟರಲ್ಲ, ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವನು. ಲಾಂಡ್ರಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಅವನ ಕೆಲಸ. ಯಾರ ಪ್ಯಾಂಟು ಎಲ್ಲಿದೆ, ಯಾವ ಕೋಟಿಗೆ ಇಸ್ತ್ರಿ ಆಗಿದೆ, ಯಾವ ಅಂಗಿಯ ಕಲೆ ಹೋಗಲಿಲ್ಲ ಎಂದು ಅಂಗಡಿಯವರ ಕಂಪ್ಯೂಟರಿನಲ್ಲಿ ತೋರಿಸುವ ವಿಂಡೋ ಇದೆಯಲ್ಲ, ಅದಕ್ಕೆ ಕಾಯಿಲೆ ಬಂದರೆ ಇವನ ಮೇಜಿಗೆ ಬರುತ್ತಿತ್ತು. ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಸಣ್ಣ ಪರದೆಯಲ್ಲಿ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ, ಆಫೀಸಿನಲ್ಲಿ ಓಡಿದ್ದು ಅಂಗಡಿಗೆ ಹೋದ ಕೂಡಲೇ ಮುಷ್ಕರ ಹೂಡುತ್ತದೆ, ಹೀಗೆ ಯಾವ ದೂರು ಬಂದರೂ ಏನೋ ಒಂದು ಮದ್ದು ಅರೆದು ಕಳಿಸುತ್ತಿದ್ದ. ಅದಕ್ಕೇ ಆಫೀಸಿನವರು ಡಾಕ್ಟರ್ ಎಂದು ಹೆಸರಿಟ್ಟರು. ಹೆಂಡತಿ ಮಾತ್ರ ಆ ಪದವಿಯನ್ನು ಒಪ್ಪಿರಲಿಲ್ಲ.

ಮನೆಯ ಹಿಂಬದಿಯಲ್ಲಿ ಅವನದೊಂದು ಪುಟ್ಟ ಕೋಣೆ. ಒಂದು ಮೇಜು, ಎರಡು ಪರದೆ, ಅವನ ಬೆನ್ನಿಗೆ ತಕ್ಕಂತೆ ತಗ್ಗು ಬಿದ್ದ ಒಂದು ಕುರ್ಚಿ. ಆಫೀಸಿನಿಂದ ಬಂದವನೇ ಅಲ್ಲಿ ಸೇರಿಕೊಂಡರೆ ಊಟಕ್ಕೇ ಹೊರಗೆ ಬರುವುದು. ಆ ಸೋಮವಾರ ಸಂಜೆಯೂ ಅಲ್ಲೇ ಇದ್ದ. ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಒಂದು ಟವೆಲ್ ಇತ್ತು, ಅದನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

"ರೀ, ಒಂದು ಮಾತು ಕೇಳ್ಬೇಕಿತ್ತು. ತಮ್ಮ ಹೊಸ ಮನೆಗೆ ಹೋಗ್ತಿದ್ದಾನಲ್ಲ, ಅಲ್ಲಿ ಇರೋದೇ ಒಂದು ರೂಮು. ಅಪ್ಪನಿಗೆ ಜಾಗ ಇಲ್ಲ. ವೃದ್ಧಾಶ್ರಮದಲ್ಲಿ ಮಾತಾಡಿ ಇಟ್ಟಿದ್ದಾನೆ. ಅಪ್ಪ ಬಾಯಿ ಬಿಟ್ಟು ಏನೂ ಹೇಳಲ್ಲ, ಆದ್ರೆ ನನ್ನ ಕೈಲಿ ನೋಡೋಕಾಗ್ತಿಲ್ಲ. ಈ ಕೋಣೆ ಅವರಿಗೆ ಬಿಟ್ಟುಕೊಟ್ಟು, ಇಲ್ಲೇ ನಮ್ಮ ಜೊತೆ ಇಟ್ಕೊಳ್ಳೋಣ್ವಾ? ಕೊನೇ ತನಕ?"

"ಹೂಂ."

ಅವಳು ಒಂದು ಹೆಜ್ಜೆ ಒಳಗಿಟ್ಟಳು. "ನಿಜವಾಗ್ಲೂ? ಮನಸಾರೆ ಹೇಳ್ತಿದ್ದೀರಾ?"

"ಹೂಂ, ಹೂಂ."

ಎರಡು ಹೂಂ! ಆ ಹೆಣ್ಣುಮಗಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಊರವರ ಮಾತು ಕೇಳುವವಳು. ತನ್ನದೊಂದು ಮಾತನ್ನು ಗಂಡನ ಮುಂದೆ ಆಡುವುದಕ್ಕೆ ತಿಂಗಳುಗಟ್ಟಲೆ ಧೈರ್ಯ ಕೂಡಿಸಿದ್ದಳು. ಯಾಕೆಂದರೆ ಅವಳಪ್ಪ ಸಾಮಾನ್ಯದ ಆಸಾಮಿಯಲ್ಲ. ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು. ಮೈದಾನದ ಆ ಕೊನೆಗೆ ಕೇಳುವಂತೆ ಮಾತಾಡಿ ಅಭ್ಯಾಸವಾಗಿದ್ದ ಗಂಟಲು, ಪಕ್ಕದಲ್ಲಿ ಕೂತವರ ಜೊತೆಗೂ ಅದೇ ಗಂಟಲು. ಬೆಳಿಗ್ಗೆ ಐದಕ್ಕೆ ಎದ್ದು ಒಂದ್, ಎರಡ್ ಎಂದು ಎಣಿಸುತ್ತಾ ಕಸರತ್ತು, ಅದಾದ ಮೇಲೆ ಮನೆ ಅದುರುವಂತೆ ರೇಡಿಯೋ. ಮದುವೆಯ ದಿನ ಫೋಟೋಕ್ಕೆ ನಿಂತ ಹೊಸ ಅಳಿಯನಿಗೆ, ನೂರಾರು ಜನರ ಎದುರು, "ನೆಟ್ಟಗೆ ನಿಲ್ಲಿ ಅಳಿಯಂದ್ರೇ, ಹೊಟ್ಟೆ ಒಳಗೆ!" ಎಂದು ಅಪ್ಪಣೆ ಕೊಡಿಸಿದ ಮಹಾನುಭಾವರು. ಅವತ್ತಿನಿಂದ ಅಳಿಯ ಅವರ ಮುಂದೆ ಉಸಿರು ಒಳಗೆಳೆದುಕೊಂಡೇ ಕೂರುತ್ತಿದ್ದ. ಅಂಥವರನ್ನು ಮನೆಗೆ ಕರೆದುಕೊಳ್ಳೋಣವಾ ಎಂದರೆ ಎರಡೆರಡು ಸಲ ಹೂಂ ಎನ್ನುವ ಗಂಡ ಯಾರಿಗೆ ಸಿಗುತ್ತಾನೆ? ಅವಳು ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು ಹೋದಳು.

ಇವನ ಕಿವಿಗೆ ಒಂದು ಅಕ್ಷರವೂ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಚಹಾದ ಜೊತೆಗೆ ಹೆಂಡತಿಯ ನಗುಮುಖವೂ ಬಂತು. "ನೀವು ನಿನ್ನೆ ಹೂಂ ಅಂದ್ರಲ್ಲ, ಸಂತೋಷಕ್ಕೆ ನನಗೆ ನಿದ್ದೇನೇ ಹತ್ತಲಿಲ್ಲ ರೀ. ನಾನು ನಿಮ್ಮನ್ನ ಎಷ್ಟು ತಪ್ಪು ತಿಳ್ಕೊಂಡಿದ್ದೆ!" ಎಂದಳು. ಡಾಕ್ಟರು ಲೋಟ ಕೆಳಗಿಟ್ಟ. ಏನಕ್ಕೆ ಹೂಂ ಅಂದೆ? ಯಾವಾಗ ಅಂದೆ? ಕೇಳಿಬಿಡಬಹುದಿತ್ತು. ಆದರೆ ಕೇಳಿಸಿಕೊಳ್ಳಲಿಲ್ಲ ಎಂದು ಒಪ್ಪಿಕೊಂಡರೆ ಇದೊಂದು ಹೂಂ ಅಲ್ಲ, ಮದುವೆಯಾದಾಗಿನಿಂದ ಹೇಳಿದ ಹೂಂಗಳೆಲ್ಲ ಸಾಲಾಗಿ ಎದ್ದು ಬಂದು ಲೆಕ್ಕ ಕೇಳುತ್ತವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು, "ಅಯ್ಯೋ, ಅದರಲ್ಲೇನಿದೆ," ಎಂದು ನಕ್ಕ. ಅದಕ್ಕೆ ಅವಳು ಇನ್ನೊಂದು ಲೋಟ ಚಹಾ ತಂದಳು.

ಆಫೀಸಿನಲ್ಲಿ ಅವನ ಎದುರು ಮೇಜಿನವಳು ಟೆಸ್ಟರಕ್ಕ. ಇವನು ಬರೆದ ಪ್ರೋಗ್ರಾಮುಗಳನ್ನು ಅಂಗಡಿಗೆ ಕಳಿಸುವ ಮುಂಚೆ ಎಳೆದು, ಜಗ್ಗಿ, ಬೀಳಿಸಿ ನೋಡುವುದು ಅವಳ ಕೆಲಸ, ಅದನ್ನು ಅವಳು ತುಂಬ ಪ್ರೀತಿಯಿಂದ ಮಾಡುತ್ತಿದ್ದಳು. ಅವನು ಸಮಸ್ಯೆ ಹೇಳಿಕೊಂಡ.

"ಇದರಲ್ಲೇನು ಕಷ್ಟ ಡಾಕ್ಟ್ರೇ? ಹೋಗಿ, ನೀನು ಏನು ಕೇಳ್ದೆ, ನನಗೆ ಕೇಳಿಸ್ಲಿಲ್ಲ ಅನ್ನಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ."

"ಬೇರೆ ಅಂದ್ರೆ ನಿಮ್ಮ ಲಾಂಡ್ರಿ ವೈದ್ಯ ಇದೆಯಲ್ಲ," ಎಂದು ಟೆಸ್ಟರಕ್ಕ ತನ್ನ ಪರದೆಯ ಕಡೆ ಬೆರಳು ಮಾಡಿದಳು. "ಒಳಗೆ ಏನಾಗಿದೆ ಅಂತ ನೋಡದೇ ಮೇಲೆ ಮುಲಾಮು ಹಚ್ಚೋದು."

ಆ ಲಾಂಡ್ರಿ ವೈದ್ಯದ ಕಥೆಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಗಿರಾಕಿ ಬಂದು ಚೀಟಿ ಕೊಟ್ಟಾಗ ಅಂಗಡಿಯವನು 'ಹುಡುಕು' ಎಂಬ ಬಟನ್ ಒತ್ತುತ್ತಾನೆ. ಬಟ್ಟೆಗಳು ಸಾವಿರಾರು, ಹುಡುಕುವುದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ವಿಂಡೋ ಬಿಳುಚಿಕೊಂಡು, 'ಪ್ರತಿಕ್ರಿಯಿಸುತ್ತಿಲ್ಲ' ಎಂಬ ಫಲಕ ತಲೆಯ ಮೇಲೆ ಹೊತ್ತು ಮರಗಟ್ಟಿ ನಿಲ್ಲುತ್ತಿತ್ತು. ಅದು ಸತ್ತಿರುತ್ತಿರಲಿಲ್ಲ, ಒಳಗೆ ಬೆವರಿಳಿಸಿ ಹುಡುಕುತ್ತಿರುತ್ತಿತ್ತು. ಅಂಗಡಿಯವನಿಗೆ ಅದೇನು ಗೊತ್ತು? ಸತ್ತಿತೆಂದು ಮೂಲೆಯ ಗುರುತು ಒತ್ತಿ ಮುಚ್ಚಿಬಿಡುತ್ತಿದ್ದ, ಉತ್ತರ ಬಾಯಿಗೆ ಬಂದಿದ್ದ ಹೊತ್ತಿಗೆ ಸರಿಯಾಗಿ ಕತ್ತು ಹಿಸುಕಿದ ಹಾಗೆ. ಕಾರಣ ಇಷ್ಟೇ: ಆ ಪ್ರೋಗ್ರಾಮನ್ನು ಒಂದು ಮನೆ ಎಂದುಕೊಳ್ಳಿ, ಆ ಮನೆಯಲ್ಲಿ ಇರುವವನು ಒಬ್ಬನೇ. ಅಡುಗೆ ಮಾಡುವವನೂ ಅವನೇ, ಬಾಗಿಲು ತೆಗೆಯುವವನೂ ಅವನೇ. ಒಲೆಯ ಮುಂದೆ ನಿಂತಿರುವಾಗ ಯಾರು ಬಂದು ಬಡಿದರೂ ಸದ್ದಿಲ್ಲ. ಮದ್ದೂ ಎಲ್ಲರಿಗೂ ಗೊತ್ತಿರುವಂಥದೇ, ಇಬ್ಬರನ್ನು ಇಡಬೇಕು. ಒಬ್ಬ ಒಳಗೆ ಕೆಲಸ ಮಾಡಲಿ, ಇನ್ನೊಬ್ಬ ಬಾಗಿಲಲ್ಲಿ ನಿಂತು ಬಂದವರಿಗೆ ಉತ್ತರ ಕೊಡಲಿ. ಆದರೆ ಬಾಗಿಲಿನವನು ಆಗಾಗ ಒಳಗೆ ಹೋಗಿ, ಎಲ್ಲಿಗೆ ಬಂತಪ್ಪಾ ಎಂದು ಕೇಳಿಕೊಂಡು ಬಂದು ಹೇಳಬೇಕು.

ಡಾಕ್ಟರು ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಿದ. ಒಳಗೆ ಹೋಗಿ ಕೇಳುವುದನ್ನು ಮುಂದಿನ ಆವೃತ್ತಿಗೆ ಬಿಟ್ಟ. ಅಲ್ಲಿಯತನಕ ಬಾಗಿಲಿನವನು, ಯಾರು ಏನೇ ಕೇಳಲಿ, 'ಆಗುತ್ತಿದೆ' ಎನ್ನುತ್ತಾ ಒಂದು ಹಸಿರು ಪಟ್ಟಿಯನ್ನು ಎಡದಿಂದ ಬಲಕ್ಕೆ ಓಡಿಸುತ್ತಿದ್ದ. ಏನಾಶ್ಚರ್ಯ! ದೂರುಗಳು ನಿಂತೇಹೋದವು. ಅಂಗಡಿಯವರು ಹಸಿರು ಪಟ್ಟಿ ನೋಡಿಕೊಂಡು ಸುಖವಾಗಿದ್ದರು. ಕಂಪನಿಯ ಯಜಮಾನರು ಇವನ ಬೆನ್ನು ತಟ್ಟಿದರು. ಟೆಸ್ಟರಕ್ಕ ಮಾತ್ರ ಕಂಪ್ಯೂಟರಿಗೆ ಬಟ್ಟೆಗಳ ಲೆಕ್ಕ ತರುವ ಹಿಂದಿನ ಇಂಟರ್‌ನೆಟ್ ವೈರು ಕಿತ್ತು ನೋಡಿ, ಆಗಲೂ ಪಟ್ಟಿ ಓಡುತ್ತಿರುವುದನ್ನು ಕಂಡು, "ಇದು ಕೆಲಸ ಮಾಡ್ತಿಲ್ಲ, ಮಾಡ್ತೀನಿ ಅಂತ ಹೂಂಗುಟ್ತಾ ಇದೆ," ಎಂದು ಹೇಳಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಫೀಸಿನಲ್ಲಿ ಅವಳ ಮಾತು ಯಾರಿಗೆ ಬೇಕು?

ಸರಿ, ಡಾಕ್ಟರು ಮನೆಯಲ್ಲಿ ಪತ್ತೇದಾರಿ ಶುರುಮಾಡಿದ. ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆಯೆಂದು ತಿಳಿಯದಿದ್ದಾಗ ಅಲ್ಲೊಂದು ಇಲ್ಲೊಂದು ಸಣ್ಣ ಪ್ರಶ್ನೆ ಹಾಕಿ ನೋಡುವುದಿಲ್ಲವೇ, ಹಾಗೆ.

"ಅಂದಹಾಗೆ, ಬರೋದು ಯಾವಾಗ?" ಎಂದ, ಏನೋ ಬರುವಂತಿದೆ ಎಂಬ ಅಂದಾಜಿನ ಮೇಲೆ.

"ಭಾನುವಾರ ಬೆಳಿಗ್ಗೆ."

"ಇರೋದು ಎಲ್ಲಿ?"

"ಎಲ್ಲೇನು, ಮನೆ ಒಳಗೇ! ಹೊರಗೆ ಮಲಗಿಸೋಕಾಗುತ್ತಾ?" ಎಂದು ನಕ್ಕಳು. "ಬೆಳಿಗ್ಗೆ ಐದಕ್ಕೇ ನಿಮಗೆ ಎಚ್ಚರ ಆಗೋದು ಗ್ಯಾರಂಟಿ, ಈಗಲೇ ಹೇಳಿದ್ದೀನಿ. ದಿನಾ ಒಂದು ಸುತ್ತು ವಾಕಿಂಗ್ ಕರ್ಕೊಂಡು ಹೋಗ್ಬೇಕು. ಊಟ ಮಾತ್ರ ಮೆತ್ತಗಿರ್ಬೇಕು. ಗಂಟಲು ಸ್ವಲ್ಪ ಜೋರು, ಪಕ್ಕದ ಮನೆಯವರಿಗೆ ನಾನೇ ಹೇಳಿಬಿಡ್ತೀನಿ."

ನೋಡಿ, ನಮ್ಮ ಭಾಷೆಯ ಸೊಗಸು! ಬರ್ತಾರೆ ಅಂದಿದ್ದರೆ ಮನುಷ್ಯರೆಂದು ಗೊತ್ತಾಗುತ್ತಿತ್ತು, ಬರುತ್ತೆ ಅಂದಿದ್ದರೆ ಅಲ್ಲವೆಂದು ಗೊತ್ತಾಗುತ್ತಿತ್ತು. ಇವನು ಸಿಕ್ಕಿಬೀಳಬಾರದೆಂದು ಬರೋದು, ಇರೋದು ಎಂದು ಬಾಲ ಕತ್ತರಿಸಿ ಕೇಳಿದ. ಅವಳು ಅದಕ್ಕೆ ತಕ್ಕ ಹಾಗೆ ಮಲಗಿಸೋಕೆ, ಕರ್ಕೊಂಡು ಹೋಗೋಕೆ ಎಂದಳು. ಯಾರು ಎಂಬುದನ್ನು ಬಿಟ್ಟು ಒಂದು ವಾರ ಪೂರ್ತಿ ಸಂಸಾರ ನಡೆಸುವುದಕ್ಕೆ ನಮ್ಮಲ್ಲಿ ಯಾವ ಅಡ್ಡಿಯೂ ಇಲ್ಲ.

ಬುಧವಾರ ಹೆಂಡತಿಯ ತಮ್ಮನ ಫೋನ್ ಬಂತು. "ಭಾವ, ನಿಮ್ಮ ಮನಸ್ಸು ಎಷ್ಟು ದೊಡ್ಡದು ಭಾವ! ಅಕ್ಕ ಹೇಳಿದ್ಲು. ಇಷ್ಟು ವರ್ಷ ನಾನು ಸಾಕ್ದೆ, ಇನ್ನು ಮೇಲೆ ಸಾಕೋದು ನಿಮ್ಮ ಪಾಲಿಗೆ."

ಸಾಕೋದು! ಡಾಕ್ಟರಿಗೆ ತಲೆಯೊಳಗೆ ದೀಪ ಹತ್ತಿದಂತಾಯಿತು. ವಾಕಿಂಗು, ಮೆತ್ತನೆಯ ಊಟ, ಜೋರು ಗಂಟಲು, ಸಾಕೋದು. ನಾಯಿ! ಹೆಂಡತಿಯ ತಮ್ಮ ಯಾವಾಗ ನಾಯಿ ಸಾಕಿದನೆಂದು ಇವನಿಗೆ ತಿಳಿದಿರಲಿಲ್ಲ. ಆದರೆ ಅವರ ಮನೆಯ ವಿಷಯದಲ್ಲಿ ಇವನಿಗೆ ತಿಳಿದಿರುವುದಾದರೂ ಏನು?

"ಕಚ್ಚೋದು ಗಿಚ್ಚೋದು ಇಲ್ಲ ತಾನೇ?" ಎಂದ ಗಂಭೀರವಾಗಿ.

ಆ ಕಡೆಯಿಂದ ನಗು ಎಷ್ಟು ಜೋರಾಗಿ ಬಂತೆಂದರೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಕಚ್ಚೋಕೆ ಹಲ್ಲೆಲ್ಲಿದೆ ಭಾವ! ನೀವು ಇಷ್ಟು ತಮಾಷೆ ಮಾಡ್ತೀರಿ ಅಂತ ಗೊತ್ತೇ ಇರ್ಲಿಲ್ಲ!"

ಮುದಿ ನಾಯಿ, ಪಾಪ. ಡಾಕ್ಟರಿಗೆ ಮನಸ್ಸು ಕರಗಿತು. ತಾನು ಕೆಲಸ ಮಾಡುವಾಗ ಕಾಲ ಬುಡದಲ್ಲಿ ಮುದುಡಿ ಮಲಗಿರುತ್ತದೆ, ಒಂದು ಜೀವ ಜೊತೆಗಿದ್ದ ಹಾಗಾಯಿತು, ಮಾತೂ ಆಡುವುದಿಲ್ಲ, ಎಷ್ಟು ಒಳ್ಳೆಯದು! ತಾನು ಹೂಂ ಅಂದಿದ್ದು ಸರಿಯೇ ಎಂದು ತನ್ನ ಬಗ್ಗೆ ತಾನೇ ಹೆಮ್ಮೆಪಟ್ಟುಕೊಂಡ. ಟೆಸ್ಟರಕ್ಕನಿಗೆ ಹೇಳಿದರೆ ಅವಳು, "ನಾಯಿ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳಿದ್ರಾ? ಊಹೆ ಮೇಲೆ ಊಹೆ ಕಟ್ಟಬೇಡಿ ಡಾಕ್ಟ್ರೇ, ಹೋಗಿ ಕೇಳಿ," ಎಂದಳು. ಅವನು ಕೋಲೆ ಬಸವನ ಹಾಗೆ ತಲೆಯಾಡಿಸಿದ. ಕೇಳಲಿಲ್ಲ.

ಶನಿವಾರ ಅರ್ಧ ದಿನ. ಡಾಕ್ಟರು ದಾರಿಯಲ್ಲಿ ಅಂಗಡಿಗೆ ಹೋಗಿ ಒಂದು ಸ್ಟೀಲ್ ಬಟ್ಟಲನ್ನೂ ಕೆಂಪು ಬಣ್ಣದ ಒಳ್ಳೆಯ ಕುತ್ತಿಗೆಪಟ್ಟಿಯನ್ನೂ ಕೊಂಡು, ಹೆಂಡತಿಗೆ ಅಚ್ಚರಿ ಮಾಡೋಣವೆಂದು ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದು ಮನೆಗೆ ಬಂದ. ಅಚ್ಚರಿ ಅವನಿಗೇ ಕಾದಿತ್ತು. ಅವನ ಮೇಜು, ಪರದೆಗಳು, ಕುರ್ಚಿ ಎಲ್ಲವೂ ಹಜಾರದ ಮೂಲೆಯಲ್ಲಿದ್ದವು. ಕೋಣೆಯಲ್ಲಿ ಬಡಗಿಯೊಬ್ಬ ಮಂಡಿಯೂರಿ ಹೊಸ ಮಂಚಕ್ಕೆ ಸ್ಕ್ರೂ ಬಿಗಿಯುತ್ತಿದ್ದ.

"ಇಷ್ಟು ಉದ್ದದ ಮಂಚ ಯಾಕೆ?" ಎಂದ ಡಾಕ್ಟರು. ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಅಪ್ಪ ಆರಡಿ ಇದ್ದಾರಲ್ರೀ! ಕಾಲು ಹೊರಗೆ ಚಾಚಿಕೊಂಡು ಮಲಗ್ತಾರಾ?" ಎಂದಳು ಹೆಂಡತಿ. ಅವಳ ಕೆನ್ನೆಯ ಮೇಲೆ ಮರದ ಪುಡಿ ಅಂಟಿತ್ತು. "ಕೊನೇ ತನಕ ಇರೋರಿಗೆ ಸರಿಯಾದ ಮಂಚ ಬೇಡ್ವಾ? ನೀವು ಹೂಂ ಅನ್ನದೇ ಇದ್ದಿದ್ರೆ ನಾಳೆ ಈ ಹೊತ್ತಿಗೆ ಅವರು ವೃದ್ಧಾಶ್ರಮದಲ್ಲಿರ್ತಿದ್ರು."

ಅಪ್ಪ. ಕೊನೇ ತನಕ. ನನ್ನ ಕೋಣೆಯಲ್ಲಿ. ಡಾಕ್ಟರು ಬೆನ್ನ ಹಿಂದಿನ ಪೊಟ್ಟಣವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆಫೀಸಿನಲ್ಲಿ ತುರ್ತು ಕೆಲಸವಿದೆ ಎಂದು ತೊದಲಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಓಡಿದ.

ಆಫೀಸಿನಲ್ಲಿ ತುರ್ತು ಕೆಲಸ ನಿಜಕ್ಕೂ ಇತ್ತು. ಟೆಸ್ಟರಕ್ಕ ಫೋನ್ ಕೆಳಗಿಟ್ಟು ಇವನ ಕಡೆ ನೋಡಿದಳು. ಯಾವುದೋ ಲಾಂಡ್ರಿಯಲ್ಲಿ ಕಸ ಗುಡಿಸುವಾಗ ವೈರು ಸಡಿಲವಾಗಿದೆ. ಅಂಗಡಿಯವನು ಹುಡುಕು ಬಟನ್ ಒತ್ತಿ ಹಸಿರು ಪಟ್ಟಿ ನೋಡುತ್ತಾ ಬೆಳಗಿನಿಂದ ಕೂತಿದ್ದಾನೆ. ಪಟ್ಟಿ 'ಆಗುತ್ತಿದೆ, ಆಗುತ್ತಿದೆ' ಎನ್ನುತ್ತಲೇ ಇದೆ. ಅಷ್ಟರಲ್ಲಿ ಕಾದು ಬೇಸತ್ತ ಗಿರಾಕಿಯೊಬ್ಬ ಸಿಕ್ಕಿದ ಕೋಟು ಹಾಕಿಕೊಂಡು ಇಂಟರ್‌ವ್ಯೂಗೆ ಹೋಗಿಬಿಟ್ಟಿದ್ದಾನೆ. ಆ ಕೋಟಿನ ನಿಜವಾದ ಧಣಿ ಅಂಗಡಿಯಲ್ಲಿ ನಿಂತು ಮೇಜು ಗುದ್ದುತ್ತಿದ್ದಾನೆ.

ಡಾಕ್ಟರು ತನ್ನ ಕಥೆಯನ್ನೂ ಹೇಳಿದ, ಪೊಟ್ಟಣವನ್ನೂ ಬಿಚ್ಚಿ ತೋರಿಸಿದ. ಟೆಸ್ಟರಕ್ಕ ಕುತ್ತಿಗೆಪಟ್ಟಿಯನ್ನು ನೋಡಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು.

"ಈಗೇನು ಮಾಡ್ತೀರಿ? ಆಗಲ್ಲ ಅಂತೀರಾ?"

"ಹೇಗೆ ಅನ್ನಲಿ? ಹೂಂ ಅಂದಾಗಿದೆಯಲ್ಲ."

"ನೀವೆಲ್ಲಿ ಅಂದ್ರಿ? ಅಂದಿದ್ದು ನಿಮ್ಮ ಬಾಗಿಲಿನವನು. ಒಳಗಿದ್ದವರನ್ನ ಇನ್ನೂ ಯಾರೂ ಕೇಳೇ ಇಲ್ಲ."

ಆ ಮಾತು ಅವನಿಗೆ ಚುಚ್ಚಿತು. ಕುರ್ಚಿಯೆಳೆದು ಕೂತು, ಮುಂದಿನ ಆವೃತ್ತಿಗೆಂದು ತಳ್ಳಿದ್ದ ಕೆಲಸವನ್ನು ತೆರೆದ. ಬಾಗಿಲಿನವನ ಬಾಯಿಂದ ಸುಳ್ಳು ಪಟ್ಟಿಯನ್ನು ಕಿತ್ತುಹಾಕಿದ. ಇನ್ನು ಮೇಲೆ ಯಾರೇ ಬಂದರೂ ಅವನು ಒಳಗೆ ಹೋಗಿ ಕೇಳಬೇಕು, ಒಳಗಿನವನು ಇದ್ದದ್ದನ್ನು ಹೇಳಬೇಕು, ಅದನ್ನೇ ಹೊರಗೆ ಬಂದು ಹೇಳಬೇಕು. ಅಲ್ಲಿಯತನಕ ವಿಂಡೋದ ಮೇಲೆ ಒಂದೇ ಸಾಲು, 'ಒಳಗೆ ಕೇಳಿ ಹೇಳುತ್ತೇನೆ'. ಟೆಸ್ಟರಕ್ಕ ವೈರು ಕಿತ್ತು ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ವಿಂಡೋ, 'ಒಳಗೆ ಯಾರೂ ಸಿಗುತ್ತಿಲ್ಲ' ಎಂದು ಒಪ್ಪಿಕೊಂಡಿತು. "ಅಬ್ಬಾ, ಕೊನೆಗೂ ಮನುಷ್ಯನ ಹಾಗೆ ಮಾತಾಡ್ತು," ಎಂದಳು.

ಮನೆಗೆ ನಡೆಯುವಾಗ ಡಾಕ್ಟರು ತನಗೂ ಅದೇ ಮದ್ದು ಬರೆದುಕೊಂಡ. ಇನ್ನು ಮೇಲೆ ಒಳಗೆ ಕೇಳದೆ ಒಂದು ಹೂಂ ಕೂಡ ಹೇಳಬಾರದು. ಯಾರೇ ಇರಲಿ, ಎಷ್ಟೇ ಹೊತ್ತಾಗಲಿ. ಪ್ರತಿಜ್ಞೆ ಮಾಡುವುದಕ್ಕೂ ಒಂದು ಮುಹೂರ್ತ ಬೇಕು ಎನ್ನುವುದು ಯಾಕೆಂದು ಮರುದಿನ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಟ್ಯಾಕ್ಸಿ ಬಂತು. ಹೆಂಡತಿಯ ತಮ್ಮ ಒಂದು ಸೂಟ್‌ಕೇಸನ್ನೂ ರೇಡಿಯೋವನ್ನೂ ಇಳಿಸಿದ. ಅವನ ಹಿಂದೆ ಮಾವ ಇಳಿದರು. ಆರಡಿಯ ಆಳು ಒಂದಿಷ್ಟು ಕುಗ್ಗಿದ್ದರು. ಬಟ್ಟೆಗೆ ಇಸ್ತ್ರಿಯಾಗಿತ್ತು, ಬೂಟು ಫಳಫಳ ಹೊಳೆಯುತ್ತಿತ್ತು. ಮಗಳು ಓಡಿಬಂದು ಕೈ ಹಿಡಿದಳು. ಮಾವ ಹೊಸ್ತಿಲ ತನಕ ಬಂದವರು ಅಲ್ಲೇ ನಿಂತರು. ಬೂಟು ಬಿಚ್ಚಲಿಲ್ಲ.

"ಅಳಿಯಂದ್ರೇ," ಎಂದರು. ಡಾಕ್ಟರು ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದುಕೊಂಡ. ಆದರೆ ಆ ದನಿ ಮೈದಾನದ್ದಾಗಿರಲಿಲ್ಲ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ನೀವು ಒಪ್ಪಿದ್ದೀರಿ ಅಂತ ಮಗಳು ಹೇಳಿದ್ಲು. ಅವಳು ಹೇಳೋದು ಬೇರೆ, ನಿಮ್ಮ ಬಾಯಿಂದ ಕೇಳೋದು ಬೇರೆ. ನನ್ನದು ಗದ್ದಲದ ಜೀವ, ನನಗೇ ಗೊತ್ತು. ನಾನು ಇಲ್ಲೇ ಇದ್ದುಬಿಡಲಾ? ನಿಮಗೆ ತೊಂದರೆ ಇಲ್ವಾ?"

ಇಡೀ ಆಯುಷ್ಯದಲ್ಲಿ ಹೂಂ ಅನ್ನಲೇಬೇಕಾಗಿದ್ದ ಗಳಿಗೆ ಅದೊಂದೇ. ಅಭ್ಯಾಸವಿದ್ದ ಬಾಯಿ, ಹೂಂ ತುದಿ ನಾಲಿಗೆಯಲ್ಲೇ ಇತ್ತು. ಅವನು ಅದನ್ನು ತಡೆದು ನಿಲ್ಲಿಸಿದ. ಒಳಗೆ ಕೇಳಬೇಕಲ್ಲ!

ನಿಂತಲ್ಲೇ ತನ್ನ ಮನಸ್ಸಿನ ಒಳಗೆ ಹೋದ. ಮೊದಲು ಸಿಕ್ಕಿದ್ದು ಕೋಣೆ, ಹೋಯಿತಲ್ಲ ನನ್ನ ಕೋಣೆ ಎಂಬ ಸಂಕಟ. ಆಮೇಲೆ ಐದು ಗಂಟೆಯ ಒಂದ್, ಎರಡ್. ಆಮೇಲೆ ರೇಡಿಯೋ. ಬೇಡ ಎನ್ನುವುದಕ್ಕೆ ಕಾರಣಗಳು ಸರತಿಯಲ್ಲಿ ನಿಂತಿದ್ದವು, ಅವನು ಯಾವುದನ್ನೂ ಹಾರದೆ ಒಂದೊಂದನ್ನೇ ನೋಡಿದ. ಹಾಗೇ ನೋಡುತ್ತಾ ಮಾವನ ಬೂಟಿನ ಮೇಲೆ ಕಣ್ಣು ಬಿತ್ತು. ಒಂದರ ಲೇಸು ಕಪ್ಪು, ಇನ್ನೊಂದರದು ಕಂದು. ಪಕ್ಕದಲ್ಲಿ ನಿಂತು ಹೇಳುವವರು ಯಾರೂ ಇರಲಿಲ್ಲವೆಂದು ತೋರುತ್ತದೆ. ಊರ ಮಕ್ಕಳ ಲೇಸು ಕಟ್ಟಿಸಿ ಸಾಲಾಗಿ ನಿಲ್ಲಿಸಿದ ಮನುಷ್ಯ, ಈಗ ತಮ್ಮ ಕಾಲೂರುವ ಜಾಗಕ್ಕೆ ಒಬ್ಬರ ಅಪ್ಪಣೆ ಕೇಳಿಕೊಂಡು ನಿಂತಿದ್ದಾರೆ. ಇರಲಿ ಕಣಯ್ಯಾ, ಇರಲಿ, ಕೋಣೆ ಹಾಳಾಗಲಿ, ಇವರು ಇಲ್ಲೇ ಇರಲಿ ಎಂದು ಅವನಿಗೆ ಎದೆತುಂಬಿ ಬಂತು. ಅದು ಅವನ ಬಾಳಿನ ಮೊದಲ ಅಪ್ಪಟ ಒಪ್ಪಿಗೆ. ಅದನ್ನು ಹೊತ್ತುಕೊಂಡು ಸಂಭ್ರಮದಿಂದ ಹೊರಗೆ ಬಂದ.

ಅಷ್ಟರಲ್ಲಿ ಹೊರಗೆ ಎಲ್ಲವೂ ಮುಗಿದಿತ್ತು. ಎಲ್ಲರಿಗೂ ಕಂಡದ್ದು ಇಷ್ಟೇ, ಹಿರಿಯರೊಬ್ಬರು ಇರಲಾ ಎಂದು ಕೇಳಿದರು, ಅಳಿಯ ಬಾಯಿ ಬಿಡದೆ, ಮುಖ ಬಿಳುಚಿಕೊಂಡು, ನೆಲ ನೋಡುತ್ತಾ ನಿಂತ.

"ಹೋಗ್ಲಿ ಬಿಡಿ, ಸುಮ್ನೆ ತಮಾಷೆಗೆ ಕೇಳ್ದೆ," ಎಂದು ಮಾವ ನಕ್ಕರು. "ಹೊಸ ಜಾಗಕ್ಕೆ ಹೋಗೋ ಮುಂಚೆ ಮಗಳ ಮನೇಲಿ ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದಿದ್ದು." ಮಗನ ಕಡೆ ತಿರುಗಿ, "ಆಶ್ರಮದವರಿಗೆ ಗುರುವಾರ ಬರ್ತೀನಿ ಅಂತ ಹೇಳಪ್ಪ," ಎಂದರು.

"ಇಲ್ಲ ಮಾವ! ಇಲ್ಲೇ ಇರಿ! ನೀವು ಇಲ್ಲೇ ಇರ್ಬೇಕು!" ಡಾಕ್ಟರು ಕೂಗಿದ.

"ನಿಮ್ಮ ದೊಡ್ಡತನ," ಎಂದರು ಮಾವ. ಬೂಟು ಬಿಚ್ಚಿ, ಅತಿಥಿಗಳು ಇಡುವ ಹಾಗೆ, ಬಾಗಿಲ ಪಕ್ಕದಲ್ಲಿ ಜೋಡಿಸಿಟ್ಟರು.

ಅಡುಗೆಮನೆಯಲ್ಲಿ ಹೆಂಡತಿ ತೊಳೆದ ಲೋಟವನ್ನೇ ತೊಳೆಯುತ್ತಿದ್ದಳು. ಡಾಕ್ಟರು ಹಿಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟ, ಸೋಮವಾರ ಕೇಳಿಸಿಕೊಳ್ಳದೆ ಹೂಂ ಅಂದದ್ದನ್ನು, ಇವತ್ತು ಒಳಗೊಳಗೇ ನಿಜವಾಗಿ ಒಪ್ಪಿದ್ದನ್ನು. ನಾಯಿಯ ವಿಷಯ ಮಾತ್ರ ನುಂಗಿಕೊಂಡ, ಅಷ್ಟು ಬುದ್ಧಿ ಇತ್ತು.

"ನನಗೆ ಅವತ್ತೇ ಅನುಮಾನ ಬಂತು," ಎಂದಳು ಅವಳು. "ಅದಕ್ಕೇ ಎರಡನೇ ಸಲ ಕೇಳ್ದೆ. ಮೂರನೇ ಸಲ ಕೇಳೋಕೆ ಭಯ ಆಯ್ತು. ಸುಳ್ಳು ಹೂಂ ಆದ್ರೂ ಪರವಾಗಿಲ್ಲ, ಅದರ ಮೇಲೆ ಒಬ್ಬ ಮುದುಕ ಬದುಕಿಕೊಳ್ತಾನೆ ಅಂದ್ಕೊಂಡೆ."

"ಆದ್ರೆ ಇವತ್ತು ನಾನು ನಿಜವಾಗ್ಲೂ..."

"ನಿಜ ಯಾರಿಗೆ ಬೇಕಿತ್ತು ರೀ?" ಲೋಟ ಸಿಂಕಿಗೆ ಬಿತ್ತು. "ಇಷ್ಟು ವರ್ಷ ಕೇಳಿಸ್ಕೊಳ್ಳದೇ ಹೇಳ್ಕೊಂಡು ಬಂದ್ರಿ. ಇವತ್ತೊಂದು ದಿನ ಯೋಚನೆ ಮಾಡದೇ ಹೇಳೋಕೆ ಆಗ್ಲಿಲ್ವಾ ನಿಮಗೆ?"

ಆ ನಾಲ್ಕು ದಿನ ಡಾಕ್ಟರು ಮಾವನ ಬೆನ್ನು ಬಿಡಲಿಲ್ಲ. ಆಫೀಸಿಗೆ ರಜೆ ಹಾಕಿದ, ಅವರ ಜೊತೆ ವಾಕಿಂಗ್ ಹೋದ. ಬೀದಿ ತಿರುವಿನಲ್ಲಿ, ಉಪ್ಪು ಬೇಕೇ ಎಂದು ಕೇಳುವ ಊಟದ ಮೇಜಿನಲ್ಲಿ, ಎಲ್ಲೆಂದರಲ್ಲಿ ಇರಿ ಮಾವ, ಇರಿ ಮಾವ ಎಂದ. ಎಷ್ಟು ಹೇಳಿದನೋ ಅಷ್ಟೂ ಅದು ಉಪಚಾರದ ಮಾತಿನಂತೆ ಕೇಳಿಸಿತು. ಒಪ್ಪಿಗೆ ಇಲ್ಲದಿದ್ದಾಗ ಇವನನ್ನು ದೇವರೆಂದು ನಂಬಿದ ಜನ, ಒಪ್ಪಿಗೆ ಬಂದ ಮೇಲೆ ಒಬ್ಬರೂ ನಂಬಲಿಲ್ಲ. ಮಂಗಳವಾರ ಬೆಳಗಿನ ಜಾವ ಅವನಿಗೆ ತಾನಾಗಿಯೇ ಎಚ್ಚರವಾಯಿತು. ಮನೆ ನಿಶ್ಶಬ್ದವಾಗಿತ್ತು. ಎದ್ದು ಹೋಗಿ ನೋಡಿದರೆ ಕೋಣೆಯಲ್ಲಿ ಮಾವ ಕಾಲುಚೀಲ ಹಾಕಿಕೊಂಡು, ತುಟಿ ಮಾತ್ರ ಆಡಿಸುತ್ತಾ, ಒಂದಿಷ್ಟೂ ಸದ್ದಿಲ್ಲದೆ ಕಸರತ್ತು ಮಾಡುತ್ತಿದ್ದರು. ಜೋರಾಗಿ ಎಣಿಸಿ ಮಾವ ಎಂದು ಅವನಿಗೆ ಕೂಗಿ ಹೇಳಬೇಕೆನಿಸಿತು, ಅಳುವೇ ಬಂತು. ಸೂಟ್‌ಕೇಸು ಮಂಚದ ಪಕ್ಕದಲ್ಲಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಗುರುವಾರ ಅದನ್ನು ಟ್ಯಾಕ್ಸಿಗೆ ಹೊತ್ತು ಹಾಕಿದವನು ಅವನೇ.

ಮೇಜು ಮತ್ತೆ ಕೋಣೆಗೆ ಬಂತು, ಉದ್ದದ ಮಂಚದ ಕಾಲ ಬಳಿ ಹೇಗೋ ಇಕ್ಕಟ್ಟಿನಲ್ಲಿ ಕೂತಿತು. ಮುಂದಿನ ಶನಿವಾರ ಸಂಜೆ ಡಾಕ್ಟರು ಪರದೆಯ ಮುಂದೆ ಕೂತಿದ್ದ. ಬಾಗಿಲ ಕಡೆ ಸಣ್ಣ ಸದ್ದಾಯಿತು. ಅವನು ಕೈಲಿದ್ದ ಕೆಲಸ ಬಿಟ್ಟು ಕುರ್ಚಿಯನ್ನೇ ಪೂರ್ತಿ ಅತ್ತ ತಿರುಗಿಸಿದ, ಎರಡು ಕಿವಿಯನ್ನೂ ತೆರೆದಿಟ್ಟುಕೊಂಡ.

"ನಾಳೆ ಅಪ್ಪನ್ನ ನೋಡೋಕೆ ಹೋಗ್ತಿದ್ದೀನಿ. ಮಧ್ಯಾಹ್ನದ ಊಟ ಮಾಡಿಟ್ಟಿರ್ತೀನಿ," ಎಂದಳು ಹೆಂಡತಿ.

"ನಾನೂ ಬರ್ತೀನಿ," ಎಂದ ಅವನು ತಡಮಾಡದೆ.

ಅವಳಿಗೆ ಸಿಟ್ಟಿರಲಿಲ್ಲ. ಬಾಗಿಲಿಗೆ ಒರಗಿ ಅವನನ್ನು ಒಂದು ಕ್ಷಣ ನೋಡಿದಳು, ಅಂಚೆ ಕಚೇರಿಯ ಕೌಂಟರು ಮುಚ್ಚಿದ ಮೇಲೆ ಬಂದವರನ್ನು ನೋಡುವ ಹಾಗೆ.

"ನಿಮ್ಮನ್ನ ಯಾರು ಕೇಳಿದ್ರು?" ಎಂದಳು.